ಮಿಕ್ಸರ್ ಗೊತ್ತು, ಮಣ್ಣು ಗೊತ್ತಿಲ್ಲ

ಮರಿಯಮ್ಮನಹಳ್ಳಿ ಮಗ್ಗುಲಿನ ಡಣಾಪುರದಲ್ಲಿ, ಅತ್ತ ತೋರಣಗಲ್ಲಿನಲ್ಲಿ, ಕಬ್ಬಿಣದ ಅದಿರಿನ ನುಣ್ಣನೆಯ ಪುಡಿಯನ್ನು ಉಂಡೆ ಕಟ್ಟಿ ಸುಟ್ಟು ಪೆಲೆಟ್ ಮಾಡುತ್ತಾರೆ. ಈ ಉದ್ಯಮದಲ್ಲಿ ಟನ್ ಪುಡಿಗೆ ಬೆಂಟೋನೈಟ್ ಬೀಳುವುದು ಸಾಮಾನ್ಯವಾಗಿ 5ರಿಂದ 10 ಕಿಲೋ. ಕಚ್ಛ್ ಕಡೆಯಿಂದ ಬರುವ ಈ ಅಂಟುಮಣ್ಣು ಅಷ್ಟೂ ಪುಡಿಗೆ ಸಮನಾಗಿ ಹತ್ತಬೇಕು. ಕಮ್ಮಿಯಾದರೆ ಉಂಡೆ ಒಡೆಯುತ್ತದೆ. ಜಾಸ್ತಿಯಾದರೆ ಸಿಲಿಕಾ ಏರಿ ಕುಲುಮೆಯಲ್ಲಿ ಕಿಟ್ಟ ಹೆಚ್ಚುತ್ತದೆ. ಹಾಗಾಗಿ ಮಿಕ್ಸರ್ ಮೇಲೆ ಎಲ್ಲರ ಕಣ್ಣು.

ಆ ಮಿಕ್ಸರಿನ ಒಳಗನ್ನು ಕಂಪ್ಯೂಟರಿನಲ್ಲಿ ತೋರಿಸುವ ವಿದ್ಯೆಯ ಬೇರು 1979ರಲ್ಲಿದೆ. ಕಂಡಾಲ್ ಮತ್ತು ಸ್ಟ್ರಾಕ್ ಎಂಬ ಸಂಶೋಧಕರು ಆ ವರ್ಷ ಪ್ರಕಟಿಸಿದ ವಿಧಾನದಲ್ಲಿ ಪ್ರತಿ ಕಣವೂ ಬಿಡಿ ಗುಂಡು. ಗುಂಡಿಗೆ ಗುಂಡು ತಾಗಿದಾಗಲೆಲ್ಲ ಬಲದ ಲೆಕ್ಕ. ಬ್ಲೇಡ್ ಮುಟ್ಟದ ಮೂಲೆ ಯಾವುದು, ಎಷ್ಟು ತುಂಬಿದರೆ ಮೇಲಿನ ಪದರ ಸುಮ್ಮನೆ ಜಾರುತ್ತದೆ, ಯಾವುದನ್ನು ಮೊದಲು ಸುರಿಯಬೇಕು ಎಂಬುದನ್ನು ಇದು ಚೆನ್ನಾಗಿ ಹೇಳುತ್ತದೆ. ಮುಚ್ಚಿದ ಉಕ್ಕಿನ ತೊಟ್ಟಿಯೊಳಗೆ ಇಣುಕಲಾಗದ ಎಂಜಿನಿಯರಿಗೆ ಇದು ಸಣ್ಣ ಉಪಕಾರವಲ್ಲ.

ತಕರಾರು ಶುರುವಾಗುವುದು ಕಣದ ಗಾತ್ರದಲ್ಲಿ. 45 ಮೈಕ್ರಾನಿನ ಅದಿರಿನ ಪುಡಿ ಒಂದು ಗ್ರಾಂ ತೆಗೆದುಕೊಂಡರೆ ಸುಮಾರು 40 ಲಕ್ಷ ಕಣ. ಟನ್‌ಗಟ್ಟಲೆ ಪುಡಿಯನ್ನು ಹೀಗೆ ಎಣಿಸುವ ಕಂಪ್ಯೂಟರ್ ಇಲ್ಲ. ಆದ್ದರಿಂದ ಗುಂಡನ್ನು ಉಬ್ಬಿಸುತ್ತಾರೆ. 3 ಮಿಲಿಮೀಟರಿನ ಒಂದು ಗುಂಡು ಸುಮಾರು 3 ಲಕ್ಷ ಕಣಗಳ ಪರವಾಗಿ ತಿರುಗುತ್ತದೆ. ನೀರು ಕುಡಿದು ಊದಿಕೊಂಡು, ತಿಕ್ಕಿದಷ್ಟೂ ಕಣಕ್ಕೆ ಬಳಿದುಕೊಳ್ಳುವ ಬೆಂಟೋನೈಟ್ ಇದರಲ್ಲಿ ಎಲ್ಲಿ ಕೂರಬೇಕು? ಅದನ್ನೂ ಒಂದು ನೀಲಿ ಗುಂಡು ಮಾಡಿ ಕೆಂಪು ಗುಂಡುಗಳ ನಡುವೆ ಉರುಳಿಸುತ್ತಾರೆ. ಘರ್ಷಣೆ, ಅಂಟು ಇವುಗಳ ಅಂಕಿಯನ್ನು ಹೊಂದಿಸುವುದು ಹೆಚ್ಚಾಗಿ ಪುಡಿಯನ್ನು ರಾಶಿ ಸುರಿದು, ಅದರ ಇಳಿಜಾರು ಅಳೆದು. ಆದರೆ ಘರ್ಷಣೆ ಹೆಚ್ಚಿಸಿ ಅಂಟು ತಗ್ಗಿಸಿದರೂ ಅದೇ ಇಳಿಜಾರು ಬಂದೀತು.

ಇನ್ನು ಮಿಶ್ರಣದ ಅಂಕ. 1954ರ ಲೇಸಿ ಸೂಚ್ಯಂಕದಲ್ಲಿ ಸೊನ್ನೆ ಅಂದರೆ ಬೆರೆತೇ ಇಲ್ಲ, 1 ಅಂದರೆ ಪೂರ್ತಿ ಬೆರೆತಿದೆ. ಬಕೆಟ್ಟಿನಷ್ಟು ಮಾದರಿ ತೆಗೆದರೆ ಸಮವಾಗಿ ಕಂಡ ಪುಡಿ, ಚಿಟಿಕೆ ತೆಗೆದರೆ ಹಾಗೆ ಕಾಣದು. ಮಾದರಿಯ ಗಾತ್ರ ಹೇಳದೆ 0.95 ಎಂದು ಅಚ್ಚು ಹಾಕಿದರೆ ಅದು ಬರೀ ಅಲಂಕಾರ. ಪೆಲೆಟ್ಟಿನ ಮಟ್ಟಿಗೆ ಸರಿಯಾದ ಮಾದರಿ ಒಂದು ಉಂಡೆಗಿಂತ ದೊಡ್ಡದಿರಬಾರದು ಎಂದು ನನ್ನ ವಾದ: ಹತ್ತು-ಹದಿನೈದು ಮಿಲಿಮೀಟರ್, ಕೆಲವೇ ಗ್ರಾಂ. ಉಬ್ಬಿಸಿದ ಗುಂಡಿನ ಸಿಮ್ಯುಲೇಷನ್ನಿನಲ್ಲಿ ಅಷ್ಟರೊಳಗೆ ಹತ್ತಾರು ಗುಂಡುಗಳಷ್ಟೇ ಇರುತ್ತವೆ.

ಹಸಿ ಉಂಡೆಯನ್ನು 45 ಸೆಂಟಿಮೀಟರ್ ಎತ್ತರದಿಂದ ಉಕ್ಕಿನ ತಟ್ಟೆಗೆ ಮತ್ತೆಮತ್ತೆ ಬೀಳಿಸಿ, ಎಷ್ಟನೆಯ ಸಲಕ್ಕೆ ಒಡೆಯಿತೆಂದು ಎಣಿಸುವ ಡ್ರಾಪ್ ಟೆಸ್ಟ್ ಪೆಲೆಟ್ ಪ್ಲಾಂಟಿನ ಲ್ಯಾಬಿನಲ್ಲಿ ದಿನವೂ ನಡೆಯುವಂಥದ್ದು. ಬ್ಲೇಡಿನ ಕೋನದ ಬಗ್ಗೆ ಸಿಮ್ಯುಲೇಷನ್ ವರದಿ ಹೇಳಿದ್ದನ್ನು ನಾನು ನಂಬುತ್ತೇನೆ. ಬೆಂಟೋನೈಟ್ ಇಷ್ಟು ಕಿಲೋ ಉಳಿಯುತ್ತದೆ ಎಂದು ಅದೇ ವರದಿ ಹೇಳಿದರೆ, ಪಕ್ಕದಲ್ಲಿ ಆ ಎಣಿಕೆಯೂ ಇರಲೇಬೇಕು.