ಬಾಬಾಸಾಹೇಬರ ಪುಸ್ತಕದಲ್ಲಿ ರೋಗಿ ಎಲ್ಲಿದ್ದಾನೆ?

"ಕೂಲಿ ಮಾಡೋರ ಮಕ್ಕಳಿಗೂ ಸಕ್ಕರೆ ಕಾಯ್ಲೆ ಬತ್ತದಾ? ಅದು ಉಂಡು ಕೂತೋರ ಕಾಯ್ಲೆ ಅಲ್ವಾ ಮಗಾ?"

ನಮ್ಮ ಕೇರಿಯ ಅಜ್ಜಿಯೊಬ್ಬಳು ಹೀಗೆ ಕೇಳಿದಾಗ ನಮಗೆ ಹದಿನಾರು ವರ್ಷ. ಮೈ ಕಡ್ಡಿಯಾಗಿತ್ತು. ಎಷ್ಟು ನೀರು ಕುಡಿದರೂ ದಾಹ ತೀರುತ್ತಿರಲಿಲ್ಲ. ಅಂದಿನಿಂದ ದಿನಾ ಇನ್ಸುಲಿನ್ ಸೂಜಿ. ಮನೆಯಲ್ಲಿ ಫ್ರಿಜ್ ಇಲ್ಲ. ಅವ್ವ ಔಷಧದ ಸೀಸೆಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ, ಒದ್ದೆ ಮರಳಿನ ಮೇಲೆ ಮಡಕೆಯೊಳಗೆ ಇಡುತ್ತಿದ್ದಳು. ಡಿಗ್ರಿ ಓದಲು ಹೋದ ಹಾಸ್ಟೆಲಿನಲ್ಲಿ ಕಾಯಿಲೆಯನ್ನು ಮುಚ್ಚಿಟ್ಟೆವು. ಸೂಜಿ ಚುಚ್ಚಿಕೊಳ್ಳಲು ಬಚ್ಚಲಿಗೆ ಹೋಗುತ್ತಿದ್ದೆವು. ಹೋರಾಟದ ಹುಡುಗ ರೋಗಿಷ್ಟ ಅನ್ನಿಸಿಕೊಳ್ಳಬಾರದಿತ್ತಲ್ಲ!

ಇದನ್ನು ಕನಿಕರಕ್ಕಾಗಿ ಬರೆಯುತ್ತಿಲ್ಲ. 'ಬುದ್ಧ ಮತ್ತು ಆತನ ಧಮ್ಮ'ವನ್ನು ನಾವು ಹೇಗೆ ಓದಿದೆವು ಎಂದು ಹೇಳಲು ಇಷ್ಟು ಬೇಕಾಯಿತು.

ಮೊದಲು ನಮ್ಮ ಕವಿತೆಗಳ ಮಾತು. ನಮ್ಮ ಪದ್ಯಗಳಲ್ಲಿ ರಟ್ಟೆ ಇದೆ, ಮುಷ್ಟಿ ಇದೆ, ಬೆಂಕಿ ಇದೆ. ಕಾಯಿಲೆ ಬಿದ್ದ ಮೈ ಇಲ್ಲ. ಬಾಬಾಸಾಹೇಬರ ಮೇಲೆ ಬರೆದಾಗಲಂತೂ ಅವರು ಸೂರ್ಯ, ಬೆಟ್ಟ, ಸಿಡಿಲು. ನಾವೂ ಹಾಗೆಯೇ ಬರೆದೆವು, ಚಪ್ಪಾಳೆಯೂ ಬಿತ್ತು. ಆದರೆ ಸೂರ್ಯನಿಗೆ ಕಾಲು ನೋಯುವುದಿಲ್ಲ. ಬೆಟ್ಟಕ್ಕೆ ನಿದ್ದೆ ಕೆಡುವುದಿಲ್ಲ. ಬಾಬಾಸಾಹೇಬರಿಗೆ ಕಾಲು ನೋಯುತ್ತಿತ್ತು, ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಸಂವಿಧಾನದ ಕೆಲಸ ನಡೆಯುತ್ತಿದ್ದ ವರ್ಷಗಳಲ್ಲೇ ಅದು ಅವರನ್ನು ಹಿಂಡುತ್ತಿತ್ತು. 1948ರ ಏಪ್ರಿಲ್‌ನಲ್ಲಿ ಅವರು ಮದುವೆಯಾದ ಸವಿತಾ ಅವರು ಡಾಕ್ಟರು.

1951ರಲ್ಲಿ ಹಿಂದೂ ಸಂಹಿತೆ ಮಸೂದೆ ಮೂಲೆ ಸೇರಿತು. ಬಾಬಾಸಾಹೇಬರು ಮಂತ್ರಿಗಿರಿ ಬಿಟ್ಟರು. 1952ರ ಲೋಕಸಭಾ ಚುನಾವಣೆಯಲ್ಲಿ ಸೋತರು, 1954ರಲ್ಲಿ ಭಂಡಾರದ ಉಪಚುನಾವಣೆಯಲ್ಲೂ ಸೋತರು. ಅರವತ್ತು ದಾಟಿದ ವಯಸ್ಸು, ಕೈಕೊಟ್ಟ ಮೈ, ಕೈಕೊಟ್ಟ ರಾಜಕೀಯ. ಬೇರೆ ಯಾರಾದರೂ ಆಗಿದ್ದರೆ 'ಸಾಕಪ್ಪಾ' ಅಂತ ಗೋಡೆಗೆ ಒರಗುತ್ತಿದ್ದರು. ಅವರು ಇದೇ ವರ್ಷಗಳಲ್ಲಿ ಬುದ್ಧನ ಪುಸ್ತಕ ಬರೆದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧರಾದರು. ಎರಡು ತಿಂಗಳು ತುಂಬುವ ಮೊದಲೇ, ಡಿಸೆಂಬರ್ 6ರಂದು, ತೀರಿಕೊಂಡರು. ಪುಸ್ತಕ ಹೊರಬಂದದ್ದು 1957ರಲ್ಲಿ.

ಇದು ರೋಗಿಯೊಬ್ಬ ಬರೆದ ಪುಸ್ತಕ ಎಂದು ತಿಳಿದು ಓದಿದರೆ ಏನು ಕಾಣುತ್ತದೆ? ಮೊದಲ ಪುಟಗಳಲ್ಲೇ ಒಂದು ಬೆರಗು ಕಾದಿದೆ. ಸಿದ್ಧಾರ್ಥ ಮನೆ ಬಿಟ್ಟದ್ದು ಯಾಕೆ? ಶಾಲೆಯಲ್ಲಿ ನಮ್ಮ ಮೇಷ್ಟ್ರು ಹೇಳಿದ ಕತೆ ನಿಮಗೂ ಗೊತ್ತು: ದಾರಿಯಲ್ಲಿ ಮುದುಕನನ್ನು ಕಂಡ, ರೋಗಿಯನ್ನು ಕಂಡ, ಹೆಣವನ್ನು ಕಂಡ. ಬಾಬಾಸಾಹೇಬರು ಈ ಕತೆಯನ್ನು ಒಪ್ಪುವುದಿಲ್ಲ. ಇಪ್ಪತ್ತೊಂಬತ್ತು ವರ್ಷದ ಗಂಡಸು ಅಲ್ಲಿಯವರೆಗೆ ಒಬ್ಬ ರೋಗಿಯನ್ನೂ ನೋಡಿರಲಿಲ್ಲ ಅಂದರೆ ನಂಬೋದು ಹೇಗೆ ಅನ್ನುವುದು ಅವರ ತಕರಾರು. ಆ ಜಾಗದಲ್ಲಿ ಅವರು ಇಡುವುದು ನೀರಿನ ಜಗಳವನ್ನು. ರೋಹಿಣಿ ನದಿಯ ನೀರಿಗಾಗಿ ಶಾಕ್ಯರು ಕೋಲಿಯರ ಮೇಲೆ ಯುದ್ಧ ಸಾರುತ್ತಾರೆ. ಸಿದ್ಧಾರ್ಥ ಬೇಡ ಅನ್ನುತ್ತಾನೆ. ಬಹುಮತ ಅವನ ವಿರುದ್ಧ ಹೋಗುತ್ತದೆ. ಮನೆಯವರಿಗೆ ಬಹಿಷ್ಕಾರ, ಭೂಮಿಯ ಮುಟ್ಟುಗೋಲು ಎಂಬ ಬೆದರಿಕೆ ಬರುತ್ತದೆ. ಅವರಿಗೆ ಶಿಕ್ಷೆ ಬೇಡ ಎಂದು ತಾನೇ ಊರು ಬಿಡುತ್ತಾನೆ. ಕೆರೆಯ ನೀರಿಗಾಗಿ 1927ರಲ್ಲಿ ಮಹಾಡಿಗೆ ನಡೆದವರು ಬರೆದ ಬುದ್ಧ ಇವನು.

ಗೆಳೆಯರೇ, ಇಲ್ಲಿ ನಿಂತು ಯೋಚಿಸೋಣ. ನೋವಿನಲ್ಲಿ ನರಳುತ್ತಿದ್ದ ಮನುಷ್ಯ, ರೋಗವೇ ಬುದ್ಧನನ್ನು ಮಾಡಿತು ಎಂಬ ಕತೆಯನ್ನು ಕಿತ್ತು ಹಾಕಿದ! ಅಷ್ಟೇ ಅಲ್ಲ. ಹುಟ್ಟೂ ದುಃಖ, ಬದುಕೂ ದುಃಖ, ಸಾವೂ ದುಃಖ ಅನ್ನುವುದೇ ಬುದ್ಧನ ಮೂಲಮಾತೇ ಎಂದೂ ಪ್ರಶ್ನಿಸಿದ. ಹಿಂದಿನ ಜನ್ಮದ ಕರ್ಮದ ಮಾತನ್ನೂ ಬಿಡಲಿಲ್ಲ. ಬಡವರ ಪಾಡಿಗೆ ಸಮಾಜ ಹೊಣೆಯಲ್ಲ ಎಂದು ಕೈತೊಳೆದುಕೊಳ್ಳಲು ಮಾಡಿದ ಉಪಾಯ ಅದು ಎಂದ. ನಮಗೆ ಕಾಯಿಲೆ ಬಂದಾಗ "ಪಡಕೊಂಡು ಬಂದದ್ದು" ಅಂದವರೂ, ನಮ್ಮಪ್ಪನಿಗೆ ಹೋಟೆಲಿನಲ್ಲಿ ಬೇರೆ ಲೋಟ ಇಟ್ಟಾಗ "ಪಡಕೊಂಡು ಬಂದದ್ದು" ಅಂದವರೂ ಒಂದೇ ಶಾಸ್ತ್ರ ಓದಿದವರು.

ಹಾಗಾದರೆ ನಮ್ಮದೊಂದು ಜಗಳ ಉಳಿಯಿತು. ಮೊದಲ ಸಲ ಓದಿದಾಗ ಸಿಟ್ಟೇ ಬಂತು. ರೋಗಿಯನ್ನು ದಾರಿಯಿಂದ ಎತ್ತಿಬಿಟ್ಟಿರಿ ಸರಿ ಬಾಬಾ, ಎತ್ತಿ ಎಲ್ಲಿಟ್ಟಿರಿ? ನಿಮ್ಮ ಧಮ್ಮದಲ್ಲೂ ನಾವು ಬಚ್ಚಲಲ್ಲೇ ಸೂಜಿ ಚುಚ್ಚಿಕೊಳ್ಳಬೇಕೆ?

ಉತ್ತರ ಪುಸ್ತಕದ ಕೊನೆಯ ಭಾಗದಲ್ಲಿದೆ. ಎಂಟನೆಯ ಕಾಂಡದಲ್ಲಿ, ಬುದ್ಧನ ಮನುಷ್ಯತ್ವದ ಮಾತು ಬರುವಲ್ಲಿ, ರೋಗಿ ಮರಳಿ ಬರುತ್ತಾನೆ. ಭೇದಿ ಹಿಡಿದ ಭಿಕ್ಷುವೊಬ್ಬ ತನ್ನ ಹೇಲಿನಲ್ಲೇ ಬಿದ್ದಿದ್ದಾನೆ. ಅವನಿಂದ ಯಾರಿಗೂ ಉಪಯೋಗವಿಲ್ಲ, ಅದಕ್ಕೇ ಯಾರೂ ಹತ್ತಿರ ಸುಳಿದಿಲ್ಲ. ಬುದ್ಧ ನೀರು ತರಿಸುತ್ತಾನೆ. ತಾನು ನೀರು ಹೊಯ್ಯುತ್ತಾನೆ, ಆನಂದ ತೊಳೆಯುತ್ತಾನೆ. ಇಬ್ಬರೂ ಸೇರಿ ಎತ್ತಿ ಹಾಸಿಗೆಯ ಮೇಲೆ ಮಲಗಿಸುತ್ತಾರೆ. ನನ್ನ ಸೇವೆ ಮಾಡುವ ಮನಸ್ಸುಳ್ಳವರು ರೋಗಿಯ ಸೇವೆ ಮಾಡಲಿ ಎನ್ನುವುದು ಸಂಘಕ್ಕೆ ಅವನ ಮಾತು. ಇದು ಹಳೆಯ ಬೌದ್ಧ ಕತೆ. ಆದರೆ ಅದನ್ನು ಆರಿಸಿಕೊಂಡ ಕೈ ಯಾರದು ನೋಡಿ. ಹೇಲು ಬಳಿಯುವುದನ್ನೇ ಒಂದು ಜಾತಿಯ ಹಣೆಗೆ ಕಟ್ಟಿದ ದೇಶದಲ್ಲಿ, ಗುರುವೇ ನೀರು ಹೊಯ್ದು ತೊಳೆಸಿದ ಎಂದು ಬರೆಯುವುದು ಸಣ್ಣ ಮಾತಲ್ಲ.

ಅಂದರೆ ರೋಗಿ ಇಲ್ಲಿ ಲೋಕ ಬಿಟ್ಟು ಹೋಗಲು ನೆಪವಲ್ಲ, ಸಂಘ ಮಾಡಬೇಕಾದ ಕೆಲಸ. ಈ ಪುಸ್ತಕದ ತಿರುಳು ಇದು ಎಂದು ನಾವು ತಿಳಿಯುತ್ತೇವೆ.

ಇನ್ನೊಂದು ಕಹಿ ಸತ್ಯವನ್ನೂ ಹೇಳಬೇಕು. ತಮ್ಮನ್ನು ಉಳಿಸಿದ ಹೆಂಡತಿಗೂ ಡಾಕ್ಟರಿಗೂ ಬಾಬಾಸಾಹೇಬರು ಮುನ್ನುಡಿಯಲ್ಲಿ ಕೃತಜ್ಞತೆ ಬರೆದಿದ್ದರು. 1957ರಲ್ಲಿ ಅಚ್ಚಾದ ಪುಸ್ತಕದಲ್ಲಿ ಆ ಮುನ್ನುಡಿ ಇರಲಿಲ್ಲ. ಸವಿತಾ ಅವರ ಮೇಲೆ ನಮ್ಮವರೇ ವಿಷದ ಅನುಮಾನ ಹೊರಿಸಿದರು. ಸೂರ್ಯನಿಗೆ ಕಾಯಿಲೆ ಬರುವುದಿಲ್ಲ ಅಂತ ನಂಬಿದವರಿಗೆ ಸೂರ್ಯ ಮುಳುಗಿದಾಗ ಕೊಲೆಗಾರರು ಬೇಕಾಗುತ್ತಾರೆ. ನಮ್ಮ ಪದ್ಯಗಳ ಸುಳ್ಳು ಇಷ್ಟು ದುಬಾರಿಯಾಯಿತು.

ನವ್ಯದವರಿಗೆ ಕಾಯಿಲೆ ಒಂದು ಸಂಕೇತವಾಗಿತ್ತು. ನಮಗೆ ಅದು ಬಸ್ಸಿನ ಖರ್ಚು, ಕಳೆದುಹೋದ ಒಂದು ದಿನದ ಕೂಲಿ, ಖಾಲಿಯಾದ ಸೀಸೆ. 1979ರಲ್ಲಿ ಹುಟ್ಟಿದ ಬಂಡಾಯ ಸಂಘಟನೆಯ ಘೋಷಣೆಯಲ್ಲಿ ಖಡ್ಗದ ಜೊತೆಗೆ ಜನರ ನೋವಿನ ಮಾತೂ ಇದೆ. ನಾವು ಖಡ್ಗ ಹಿಡಿದುಕೊಂಡು ಆ ಇನ್ನೊಂದು ಅರ್ಧವನ್ನು ಮರೆತೆವು.

ಈಗ ನಾವು ಭಾನುವಾರ ಕೇರಿಯ ಶಾಲೆಯ ಜಗಲಿಯಲ್ಲಿ ಕೂರುತ್ತೇವೆ. ಸಕ್ಕರೆ, ಬಿ.ಪಿ. ಇದ್ದವರು ಚೀಟಿ ಹಿಡಿದು ಬರುತ್ತಾರೆ. ಯಾವ ಮಾತ್ರೆ ಊಟಕ್ಕೆ ಮೊದಲು, ಯಾವುದು ಆಮೇಲೆ ಅಂತ ಓದಿ ಹೇಳುತ್ತೇವೆ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧ ಇಲ್ಲವೆಂದರೆ ಅರ್ಜಿ ಬರೆದು ಹತ್ತು ಜನರ ಹೆಬ್ಬೆಟ್ಟು ಒತ್ತಿಸುತ್ತೇವೆ. ನಮ್ಮ ಡಿಗ್ರಿ ಇಷ್ಟಕ್ಕಾದರೂ ಬಂತಲ್ಲ. ಮೊನ್ನೆ ಅದೇ ಅಜ್ಜಿ ಬಂದಿದ್ದಳು. ಅವಳಿಗೂ ಸಕ್ಕರೆ ಕಾಯಿಲೆ.

"ನಾನೆಲ್ಲಿ ಉಂಡು ಕೂತಿದ್ದೆ ಮಗಾ?" ಅಂದಳು.

ಅವಳ ಎದುರಿಗೇ ಅಂಗಿ ಎತ್ತಿ ಸೂಜಿ ಚುಚ್ಚಿಕೊಂಡೆವು. ಹೆದರಬೇಡ, ಹೀಗೇ, ಅಂದೆವು.