ಅಪ್ಪನ ಮೌನ ಅನಿವಾರ್ಯವೇ?

ಅಮೆರಿಕದಲ್ಲಿ ವಲಸಿಗರ ಮಕ್ಕಳಿಗೆ ಎರಡು ಭಾಷೆಗಳಲ್ಲಿ ಕಲಿಸಬೇಕೇ ಎಂಬ ಚರ್ಚೆಯಲ್ಲಿ, ಬೇಡ ಎನ್ನುವವರಿಗೆ ಆಧಾರವಾಗಿ ಒದಗಿದ ಪುಸ್ತಕ ರಿಚರ್ಡ್ ರಾಡ್ರಿಗೆಸ್ ಅವರ ಆತ್ಮಕಥನ ‘ಹಂಗರ್ ಆಫ್ ಮೆಮೊರಿ’ (1982). ಲೇಖಕರ ಹೆತ್ತವರು ಮೆಕ್ಸಿಕೊದಿಂದ ಬಂದವರು. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊದಲ್ಲಿ ಶಾಲೆಗೆ ಸೇರಿದಾಗ ಹುಡುಗನಿಗೆ ಗೊತ್ತಿದ್ದ ಇಂಗ್ಲಿಷ್ ಪದಗಳು ಸುಮಾರು 50. ಶಾಲೆಯ ಕ್ರೈಸ್ತ ಸನ್ಯಾಸಿನಿಯರು ಒಂದು ದಿನ ಮನೆಗೇ ಬಂದು, ಮಕ್ಕಳೊಡನೆ ಇಂಗ್ಲಿಷಿನಲ್ಲೇ ಮಾತಾಡಿ ಎನ್ನುತ್ತಾರೆ. ಹೆತ್ತವರು ಒಪ್ಪುತ್ತಾರೆ. ಹುಡುಗ ಮುಂದೆ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರೆಗೆ ಹೋಗುತ್ತಾನೆ. ಮನೆಯಲ್ಲಿ ಅಪ್ಪ ಮೌನಿಯಾಗುತ್ತಾರೆ.

ಈ ಪುಟಗಳೇ ಪುಸ್ತಕದ ಜೀವಾಳ. ತಮ್ಮ ನಷ್ಟವನ್ನು ಲೇಖಕರು ಮುಚ್ಚಿಡುವುದಿಲ್ಲ. ನಮ್ಮ ತಕರಾರು ಅವರ ತೀರ್ಮಾನದ ಬಗ್ಗೆ. ಸಾರ್ವಜನಿಕ ಭಾಷೆಯನ್ನು ಪಡೆಯಬೇಕಾದರೆ ಮನೆಮಾತಿನ ಆಪ್ತತೆಯನ್ನು ಬಿಟ್ಟುಕೊಡಲೇಬೇಕು ಎನ್ನುತ್ತಾರೆ ಅವರು. ಆದರೆ ಅದೇ ಅಪ್ಪ ನೆಂಟರೊಡನೆ ಸ್ಪ್ಯಾನಿಶ್ ಮಾತಾಡುವಾಗ ವಾಚಾಳಿಯಾಗುತ್ತಿದ್ದರೆಂದು ಅವರೇ ಬರೆದಿದ್ದಾರೆ. ಅಂದರೆ ಮೌನ ಅಪ್ಪನ ಸ್ವಭಾವವಲ್ಲ, ಶಾಲೆಯ ಸಲಹೆ ತಂದಿತ್ತ ಫಲ. ಆ ಶಾಲೆ ಸ್ಪ್ಯಾನಿಶ್‌ನಲ್ಲಿ ಪಾಠ ಮಾಡಿ ನೋಡಲೇ ಇಲ್ಲ. ನಡೆದು ನೋಡದ ದಾರಿಯನ್ನು ಮುಚ್ಚಿದ ದಾರಿ ಎನ್ನುವುದು ಹೇಗೆ?

ಇಂಗ್ಲಿಷ್ ತರಗತಿಯಲ್ಲಿ ಕೂರಿಸಿದ ಮಾತ್ರಕ್ಕೆ ಎಲ್ಲರೂ ರಾಡ್ರಿಗೆಸ್ ಆಗುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಇಂಗ್ಲಿಷ್ ಬಾರದ ಸುಮಾರು 1,800 ಚೀನೀ ಮೂಲದ ಮಕ್ಕಳು ಯಾವ ನೆರವೂ ಇಲ್ಲದೆ ತರಗತಿಯಲ್ಲಿ ಕೂತಿದ್ದರು. ಒಂದೇ ಪುಸ್ತಕ, ಒಂದೇ ಶಿಕ್ಷಕರನ್ನು ಕೊಟ್ಟರೆ ಸಮಾನತೆಯಾಗುವುದಿಲ್ಲ ಎಂದು 1974ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಪರಿಹಾರ ಇಂಥದ್ದೇ ಆಗಬೇಕೆಂದು ಅದು ವಿಧಿಸಲಿಲ್ಲ. 1998ರಲ್ಲಿ ದ್ವಿಭಾಷಾ ಬೋಧನೆಯನ್ನು ಬಹುಮಟ್ಟಿಗೆ ನಿಲ್ಲಿಸಿದ ಕ್ಯಾಲಿಫೋರ್ನಿಯಾದ ಮತದಾರರೇ 2016ರಲ್ಲಿ ಆ ನಿರ್ಬಂಧವನ್ನು ತೆಗೆದುಹಾಕಿದರು.

ಮನೆಯಲ್ಲಿ ಒಂದು ಮಾತು, ಹೊರಗೆ ಇನ್ನೊಂದು ಎಂಬುದು ಕನ್ನಡಕ್ಕೆ ಹೊಸದಲ್ಲ. ಮಾಸ್ತಿಯವರ ಮನೆಮಾತು ತಮಿಳು, ಬೇಂದ್ರೆಯವರದು ಮರಾಠಿ. ನಾವು ಉರ್ದುವಿನಲ್ಲೂ ಕನ್ನಡದಲ್ಲೂ ಓದಿದವರು. ವಲಸಿಗರಲ್ಲ, ಇದೇ ನೆಲದವರು. ಆದ್ದರಿಂದ ಹೋಲಿಕೆಯನ್ನು ಹೆಚ್ಚು ಎಳೆಯಲಾಗದು. ಆದರೂ ಒಂದು ಮಾತು ಹೇಳಬಹುದು: ಉರ್ದು ನಮ್ಮ ಕನ್ನಡದಿಂದ ಏನನ್ನೂ ಕಿತ್ತುಕೊಳ್ಳಲಿಲ್ಲ.

ವಲಸಿಗರ ಮಗುವಿಗೆ ಇಂಗ್ಲಿಷ್ ಬೇಕು, ಅದರಲ್ಲಿ ಎರಡು ಮಾತಿಲ್ಲ. ಶಾಲೆಯಲ್ಲಿ ಕಲಿತದ್ದನ್ನು ಅಪ್ಪನಿಗೆ ಅವರ ಮಾತಿನಲ್ಲೇ ಹೇಳುವ ಶಕ್ತಿಯೂ ಬೇಕು. ಅದನ್ನು ಕೊಡದ ವಿದ್ಯೆ ಅರ್ಧ ವಿದ್ಯೆಯೇ.