ಅಕ್ಕನ ನಿಬಂಧನೆಗಳು ಮತ್ತು ಸ್ವಾತಂತ್ರ್ಯದ ಅರ್ಥ

ಮಹಾದೇವಿಯಕ್ಕನನ್ನು ಸ್ತ್ರೀಸ್ವಾತಂತ್ರ್ಯದ ಮೊದಲ ದನಿಯೆಂದು ಕರೆಯುವುದು ಈಗ ರೂಢಿಯಾಗಿದೆ. ಹಾಗೆ ಕರೆಯುವವರಲ್ಲಿ ಸ್ವಾತಂತ್ರ್ಯವೆಂದರೇನೆಂದು ಹೇಳಹೊರಟವರು ವಿರಳ. ಬೆಂಗಳೂರಿನ ಸಿ.ವಿ. ರಾಮನ್ ನಗರದ ಮನೆಯೊಂದರಲ್ಲಿ ನಡೆದ ವಚನಚಿಂತನೆಯಲ್ಲಿ ತರುಣಿಯೊಬ್ಬರು ಕೇಳಿದ ಪ್ರಶ್ನೆಯೇ ಈ ಬರೆಹಕ್ಕೆ ಕಾರಣ: ಗಂಡನು ಒಪ್ಪಿ ಬಿಟ್ಟುಕೊಟ್ಟದ್ದು ಸ್ವಾತಂತ್ರ್ಯವೋ, ಬರಿಯ ಅಪ್ಪಣೆಯೋ? ಅಲ್ಲಿ ನೆರೆದಿದ್ದ ನಮಗಾರಿಗೂ ಥಟ್ಟನೆ ಉತ್ತರ ಹೊಳೆಯಲಿಲ್ಲ.

ಪ್ರಶ್ನೆಯ ಬೇರು ಹರಿಹರನ 'ಮಹಾದೇವಿಯಕ್ಕನ ರಗಳೆ'ಯಲ್ಲಿದೆ. ಉಡುತಡಿಯ ಅರಸು ಕೌಶಿಕನ ಕಡೆಯಿಂದ ತಂದೆತಾಯಿಗಳಿಗೆ ಪ್ರಾಣಭಯ ಒದಗಿದಾಗ ಅಕ್ಕ ವಿವಾಹಕ್ಕೆ ಒಪ್ಪುತ್ತಾಳೆ. ಒಪ್ಪುವ ಮುನ್ನ ನಿಬಂಧನೆಗಳನ್ನು ಒಡ್ಡುತ್ತಾಳೆ. ಲಿಂಗಪೂಜೆ, ಮಾಹೇಶ್ವರರ ಸಂಗ, ಗುರುಸೇವೆ, ಇವು ತನ್ನ ಇಚ್ಛೆಯಂತೆ ನಡೆಯಬೇಕು. ಮೂರು ತಪ್ಪುಗಳವರೆಗೆ ತಾನು ಸೈರಿಸುವೆನು. ಚಾಮರಸನ 'ಪ್ರಭುಲಿಂಗಲೀಲೆ'ಯಲ್ಲಾದರೋ ವಿವಾಹವೇ ನೆರವೇರುವುದಿಲ್ಲ. ಅಕ್ಕನ ಘನತೆಗೆ ಎರಡನೆಯದೇ ಒಪ್ಪುವುದೆಂದು ವಾದಿಸಿದ ವಿದ್ವಾಂಸರುಂಟು. ಆ ಭಕ್ತಿಯನ್ನು ಗೌರವಿಸುತ್ತಲೇ ಹೇಳಬೇಕಾದುದೆಂದರೆ, ನಮ್ಮ ಪ್ರಶ್ನೆಗೆ ಹರಿಹರನೇ ಹೆಚ್ಚು ಬೇಕಾದವನು. ಅರಮನೆಯ ಹೊಸ್ತಿಲಾಚೆ ನಿಂತವಳ ಸ್ವಾತಂತ್ರ್ಯವನ್ನು ವರ್ಣಿಸುವುದು ಸುಲಭ. ಒಳಗೆ ಕಾಲಿಟ್ಟವಳದು ಹಾಗಲ್ಲ.

ನಿಬಂಧನೆಗಳನ್ನು ನಿಧಾನವಾಗಿ ನೋಡೋಣ. ಅಕ್ಕ ಸ್ವಾತಂತ್ರ್ಯವನ್ನು ಒಟ್ಟಾಗಿ ಕೇಳುವುದಿಲ್ಲ. ಅರಸನ ಅಧಿಕಾರ ಎಲ್ಲಿ ಸಲ್ಲದೆಂದು ಎಣಿಸಿ ಹೇಳುತ್ತಾಳೆ. ಅವಳು ಎಣಿಸಿದ್ದರಲ್ಲಿ ಯಾವುದೂ ಒಂಟಿಯಾಗಿ ಇರುವುದಕ್ಕೆ ಸಂಬಂಧಿಸಿದ್ದಲ್ಲ. ಲಿಂಗ, ಗುರು, ಜಂಗಮ, ಮೂರೂ ಸಂಬಂಧಗಳೇ. 'ನನ್ನ ಪಾಡಿಗೆ ನನ್ನನ್ನು ಬಿಡಿ' ಎಂಬ ಇಂದಿನ ಮಾತಿಗೂ ಇದಕ್ಕೂ ಬಹಳ ಅಂತರ. ಇನ್ನು ಸೈರಣೆಯ ಲೆಕ್ಕ. ತಪ್ಪನ್ನು ಎಣಿಸುವ ಹಕ್ಕು ಯಾರಲ್ಲಿದೆಯೋ ಅವರೇ ಒಪ್ಪಂದದ ಒಡೆಯರು. ಕೌಶಿಕನು ಕೊಟ್ಟದ್ದು ಅಪ್ಪಣೆಯಾಗಿದ್ದರೆ ಹಿಂತೆಗೆದುಕೊಳ್ಳುವವನೂ ಅವನೇ ಆಗಬೇಕಿತ್ತು. ಇಲ್ಲಿ ಮುರಿದು ಹೊರಡುವವಳು ಅಕ್ಕ. ತರುಣಿಯ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿ ಸಿಕ್ಕಿತೆಂದು ನನ್ನ ಭಾವನೆ. ಅರ್ಧವೆಂದೆ, ಏಕೆಂದರೆ ಒಪ್ಪಂದದ ಹಿಂದೆ ತಂದೆತಾಯಿಗಳ ಮೇಲಿನ ಬೆದರಿಕೆ ಇದ್ದೇ ಇದೆ. ಅದನ್ನು ಮರೆತು ಹೊಗಳುವುದು ಹರಿಹರನಿಗೂ ಅನ್ಯಾಯ.

ರಾಜ್ಯಶಾಸ್ತ್ರದಲ್ಲಿಯೂ ಈ ತೊಡಕು ತೀರಿಲ್ಲ. ನಮ್ಮ ಸಂವಿಧಾನದ 21ನೆಯ ಅನುಚ್ಛೇದ 'ವೈಯಕ್ತಿಕ ಸ್ವಾತಂತ್ರ್ಯ'ವನ್ನು ರಕ್ಷಿಸುತ್ತದೆ, ಅದರ ಲಕ್ಷಣವನ್ನು ಹೇಳುವುದಿಲ್ಲ. 1950ರಲ್ಲಿ ಗೋಪಾಲನ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಮಾತಿಗೆ ಸಂಕುಚಿತ ಅರ್ಥ ಕೊಟ್ಟಿತು. 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲಿ ಹಿಗ್ಗಿಸಿತು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಿಂದ ಹುಟ್ಟಿದ ಪ್ರಕರಣದಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಖಾಸಗಿತನವೂ ಅದರೊಳಗೇ ಸೇರಿದೆಯೆಂದಿತು. ಅಲ್ಲಿಯೂ ಅರ್ಥ ಬೆಳೆದದ್ದು ಒಂದೊಂದೇ ಉಲ್ಲಂಘನೆಯ ದೂರಿನಿಂದ, ಅಕ್ಕನ ತಪ್ಪೆಣಿಕೆಯಂತೆಯೇ.

ಆದರೆ ಶರಣರು ಉಲ್ಲಂಘನೆಯ ಲೆಕ್ಕಕ್ಕೆ ನಿಲ್ಲುವುದಿಲ್ಲ. ಕೌಶಿಕನನ್ನು ತೊರೆದು, ಉಡುಗೆಯನ್ನೂ ತೊರೆದು ಕಲ್ಯಾಣಕ್ಕೆ ಬಂದ ಅಕ್ಕನನ್ನು 'ಶೂನ್ಯಸಂಪಾದನೆ'ಯಲ್ಲಿ ಅಲ್ಲಮಪ್ರಭು ಸುಮ್ಮನೆ ಬರಮಾಡಿಕೊಳ್ಳುವುದಿಲ್ಲ. ಬಟ್ಟೆಯನ್ನು ಬಿಟ್ಟವಳು ಕೂದಲನ್ನೇಕೆ ಮರೆಮಾಡಿಕೊಂಡೆ ಎಂಬುದು ಅವನ ಕಠಿನ ಪ್ರಶ್ನೆ. ಬಿಟ್ಟದ್ದರ ಪಟ್ಟಿಯಿಂದ ಸ್ವಾತಂತ್ರ್ಯ ಸಿದ್ಧವಾಗದೆಂಬ ಆಕ್ಷೇಪ ಅದರಲ್ಲಡಗಿದೆ. ಅಕ್ಕ ನಾಚಿಕೆಯ ನೆಪ ಹೇಳುವುದಿಲ್ಲ, ಹಕ್ಕಿನ ಮಾತನ್ನೂ ಎತ್ತುವುದಿಲ್ಲ. ನೋಡುವವರ ಮನಸ್ಸು ನೋಯಬಾರದೆಂಬ ಕಾರಣ ಕೊಡುತ್ತಾಳೆ. ಆ ಕೂದಲ ಮರೆ ಅವಳ ಮೇಲೆ ಯಾರೂ ಹೇರಿದ್ದಲ್ಲ. ಅವಳೇ ಹೊದ್ದದ್ದು, ಪರರಿಗಾಗಿ.